ಯೂರಿಕ್ ಆಸಿಡ್ 8.2 ಬಂದಿದೆ, ಹಾರ್ಟಿಗೆ ತೊಂದರೆಯಾ?

ಪ್ರಶ್ನೆ: ನನ್ನ ಗಂಡನಿಗೆ 52 ವರ್ಷ. ಮೊದಲು ಮಲ್ಪೆಯಿಂದ ಬೋಟಿಗೆ ಹೋಗುತ್ತಿದ್ದರು. ಈಗ ಐಸ್ ಪ್ಲಾಂಟಿನಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ಹೋದ ತಿಂಗಳು ಊರಿನ ಆರೋಗ್ಯ ಶಿಬಿರದಲ್ಲಿ ರಕ್ತ ಕೊಟ್ಟಿದ್ದರು. ಯೂರಿಕ್ ಆಸಿಡ್ 8.2 ಬಂತು. ಗಂಟು ನೋವು ಒಂದೂ ಇಲ್ಲ. ಆದರೆ ಇದರಿಂದ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ಮೊಬೈಲಿನಲ್ಲಿ ನೋಡಿ ತುಂಬ ಹೆದರಿದ್ದಾರೆ. ಮೀನು ಬಿಟ್ಟರು. ಬೇಳೆ, ಬಸಳೆ, ಟೊಮೆಟೊ ಕೂಡ ಬಿಟ್ಟರು. ಆರು ವರ್ಷದಿಂದ ತಿನ್ನುತ್ತಿದ್ದ ಬಿಪಿ ಮಾತ್ರೆಯೇ ಯೂರಿಕ್ ಆಸಿಡ್ ಏರಿಸುತ್ತದೆ ಎಂದು ಅದನ್ನೂ ನಿಲ್ಲಿಸಿ ಹದಿನೈದು ದಿನ ಆಯಿತು. ಪರಿಚಯದವರೊಬ್ಬರು ಯೂರಿಕ್ ಆಸಿಡ್ ಇಳಿಸುವ ಫೆಬುಕ್ಸೊಸ್ಟಾಟ್ ಅನ್ನುವ ಮಾತ್ರೆ ತಂದು ಕೊಟ್ಟಿದ್ದಾರೆ. ಏನು ಮಾಡಲಿ?
– ಓದುಗರು, ಕಲ್ಯಾಣಪುರ

ಉತ್ತರ: ಈ ಪುಟ ಪೂರ್ತಿ ಓದುವ ಮೊದಲು ಒಂದು ಕೆಲಸ ಮಾಡಿ. ಅವರನ್ನು ಹತ್ತಿರದ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಬಿಪಿ ನೋಡಿಸಿ. ನಿಲ್ಲಿಸಿದ ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ. ಬಿಪಿ ಚಿಕಿತ್ಸೆ ಇವತ್ತೇ ಮತ್ತೆ ಶುರುವಾಗಬೇಕು. 8.2 ಅನ್ನುವ ಅಂಕಿ ಇನ್ನೊಂದು ವಾರ ಕಾಯುತ್ತದೆ. ಹದಿನೈದು ದಿನ ಮಾತ್ರೆ ಕಾಣದ ಬಿಪಿ ಕಾಯುವುದಿಲ್ಲ.

ನಾನು ಉಡುಪಿಯಲ್ಲಿ ರೋಗಿಗಳನ್ನು ನೋಡಲು ಶುರು ಮಾಡಿ 31 ವರ್ಷ ಆಯಿತು. ಬರೀ ಯೂರಿಕ್ ಆಸಿಡ್ ಅಂಕಿ ನೋಡಿ ಹೆದರಿ ಬಂದವರು ಲೆಕ್ಕವಿಲ್ಲದಷ್ಟು. ಅವರನ್ನು ಸಮಾಧಾನ ಮಾಡಿ ಕಳಿಸಬಹುದು. ಆದರೆ ಬಿಪಿ ಮಾತ್ರೆ ತಾವಾಗಿಯೇ ನಿಲ್ಲಿಸಿ, ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ, ಬಲಗೈ ಎತ್ತಲಾಗದೆ ಆಟೋದಲ್ಲಿ ಬಂದವರೂ ಇದ್ದಾರೆ. ಅವರ ಮನೆಯವರಿಗೆ ಹೇಳಲು ನನ್ನ ಹತ್ತಿರ ಮಾತಿರುವುದಿಲ್ಲ. ಅದಕ್ಕೇ ನಿಮಗೆ ಇದನ್ನು ಮೊದಲು ಹೇಳಿದೆ.

ಈಗ ಯೂರಿಕ್ ಆಸಿಡ್ ವಿಷಯಕ್ಕೆ ಬರುತ್ತೇನೆ.

ನಮ್ಮ ಮೈಯ ಪ್ರತಿ ಜೀವಕೋಶದಲ್ಲೂ ಪ್ಯೂರಿನ್ ಅನ್ನುವ ಪದಾರ್ಥ ಇರುತ್ತದೆ. ಹಳೆಯ ಕೋಶ ಸತ್ತು ಹೊಸದು ಹುಟ್ಟುವಾಗ ಈ ಪ್ಯೂರಿನ್ ಒಡೆದು ಯೂರಿಕ್ ಆಸಿಡ್ ಆಗುತ್ತದೆ. ಹೀಗೆ ದಿನಾ ತಯಾರಾಗುವುದರಲ್ಲಿ ಸುಮಾರು ಮೂರನೇ ಎರಡು ಪಾಲು ನಮ್ಮ ಮೈಯೊಳಗಿನದೇ. ಊಟದಿಂದ ಬರುವುದು ಉಳಿದ ಒಂದು ಪಾಲು. ಹೊರಗೆ ಹೋಗುವುದು ಹೆಚ್ಚಾಗಿ ಕಿಡ್ನಿಯ ದಾರಿಯಲ್ಲಿ, ಸ್ವಲ್ಪ ಕರುಳಿನ ದಾರಿಯಲ್ಲಿ. ಅಂಕಿ ಏರಿದ ಹೆಚ್ಚಿನವರಲ್ಲಿ ತೊಂದರೆ ಇರುವುದು ಈ ಹೊರಹೋಗುವ ದಾರಿಯಲ್ಲೇ. ಅವರು ಜಾಸ್ತಿ ತಿಂದದ್ದಕ್ಕಿಂತ ಅವರ ಕಿಡ್ನಿ ಕಡಿಮೆ ಹೊರಹಾಕುವುದೇ ದೊಡ್ಡ ಕಾರಣ. ಅದರಲ್ಲಿ ಅಪ್ಪ ಅಮ್ಮನಿಂದ ಬಂದ ಗುಣದ ಪಾಲೂ ಇದೆ.

ಮಲ್ಪೆ ದಕ್ಕೆಯಲ್ಲಿ ಬೆಕ್ಕುಗಳನ್ನು ನೋಡಿದ್ದೀರಲ್ಲ? ಬೆಳಗಿನಿಂದ ಸಂಜೆವರೆಗೆ ಬೂತಾಯಿ ತಲೆಯನ್ನೇ ತಿಂದು ಬದುಕುತ್ತವೆ. ಅವುಗಳ ಕಾಲು ಬಾತುಕೊಳ್ಳುವುದಿಲ್ಲ. ಯಾಕೆಂದರೆ ಅವುಗಳಿಗೆ ಯೂರಿಕೇಸ್ ಅನ್ನುವ ಕಿಣ್ವ ಇದೆ. ಅದು ಯೂರಿಕ್ ಆಸಿಡನ್ನು ಇನ್ನೂ ಒಡೆದು ನೀರಲ್ಲಿ ಸುಲಭವಾಗಿ ಕರಗುವ ಹಾಗೆ ಮಾಡುತ್ತದೆ. ಮನುಷ್ಯರ ವಂಶದಲ್ಲಿ ಆ ಕಿಣ್ವ ಲಕ್ಷಾಂತರ ವರ್ಷಗಳ ಹಿಂದೆಯೇ ಕೆಲಸ ನಿಲ್ಲಿಸಿದೆ. ಹಾಗಾಗಿ ನಮ್ಮ ರಕ್ತದಲ್ಲಿ ಈ ಅಂಕಿ ಬೇರೆ ಹೆಚ್ಚಿನ ಪ್ರಾಣಿಗಳಿಗಿಂತ ಮೇಲೆಯೇ ಇರುತ್ತದೆ. ಲ್ಯಾಬಿನವರು ಸಾಮಾನ್ಯವಾಗಿ ಗಂಡಸರಿಗೆ 7, ಹೆಂಗಸರಿಗೆ 6ರ ತನಕ ಸರಿ ಎಂದು ಬರೆಯುತ್ತಾರೆ. ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಅದು ಹರಳಾಗಬಹುದು. ಆಗಲೇಬೇಕು ಎಂದೇನಿಲ್ಲ. 8 ಇದ್ದೂ ಜೀವಮಾನವಿಡೀ ಒಂದು ಗಂಟೂ ನೋಯದವರು ಬೇಕಾದಷ್ಟು ಜನ ಇದ್ದಾರೆ.

ಹಾಗಾದರೆ ಹಾರ್ಟಿಗೂ ಇದಕ್ಕೂ ಸಂಬಂಧ ಏನು? ಸಂಬಂಧ ಇದೆ. ಯೂರಿಕ್ ಆಸಿಡ್ ಜಾಸ್ತಿ ಇರುವವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಾಣುತ್ತದೆ. ನಿಮ್ಮ ಯಜಮಾನರು ಮೊಬೈಲಿನಲ್ಲಿ ನೋಡಿದ್ದು ಪೂರ್ತಿ ಸುಳ್ಳಲ್ಲ. ಆದರೆ ಯಾವುದರಿಂದ ಯಾವುದು ಆಗುತ್ತಿದೆ ಅನ್ನುವುದನ್ನು ನೋಡಬೇಕು. ಬೋಟು ದಕ್ಕೆಗೆ ಬರುವಾಗ ಮೇಲೆ ಹದ್ದುಗಳು ಸುತ್ತುತ್ತವೆ. ಹದ್ದು ಕಂಡರೆ ಬೋಟು ಬಂತು ಎಂದು ದೂರದಿಂದಲೇ ಹೇಳಬಹುದು. ಹಾಗಂತ ಹದ್ದನ್ನು ಓಡಿಸಿದರೆ ಬೋಟು ತಿರುಗಿ ಕಡಲಿಗೆ ಹೋಗುತ್ತದಾ? ಹೆಚ್ಚಿನವರ ರಕ್ತದಲ್ಲಿ ಯೂರಿಕ್ ಆಸಿಡ್ ಆ ಹದ್ದಿನ ಹಾಗೆ. ಕೆಳಗೆ ಬರುತ್ತಿರುವ ಬೋಟು ಬೇರೆ. ಹೊಟ್ಟೆಯ ಬೊಜ್ಜು, ಬಿಪಿ, ಸಕ್ಕರೆ, ಸೋಲುತ್ತಿರುವ ಕಿಡ್ನಿ. ಇವು ಯೂರಿಕ್ ಆಸಿಡನ್ನೂ ಏರಿಸುತ್ತವೆ, ಹೃದಯವನ್ನೂ ಕೆಡಿಸುತ್ತವೆ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅನ್ನುವ ಊರಿನ ಜನರ ಹೃದಯವನ್ನು 1948ರಿಂದ ಗಮನಿಸುತ್ತಾ ಬಂದಿದ್ದಾರೆ. 1999ರಲ್ಲಿ ಅಲ್ಲಿನ ಲೆಕ್ಕ ಬಂತು. ಬಿಪಿ ಮತ್ತು ಬಿಪಿಗೆ ಕೊಡುವ ಮೂತ್ರದ ಮಾತ್ರೆಯಂಥ ಬೇರೆ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಯೂರಿಕ್ ಆಸಿಡಿನದೇ ಆದ ದೋಷ ಅಂತ ಉಳಿಯಲಿಲ್ಲ. ಅದರ ಮರುವರ್ಷವೇ ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನ, ಇಲ್ಲ, ಯೂರಿಕ್ ಆಸಿಡಿಗೂ ಪಾತ್ರ ಇದೆ ಎಂದಿತು. ನಾವು ಡಾಕ್ಟರುಗಳು ಎಷ್ಟೋ ವರ್ಷ ಈ ವಾದದಲ್ಲೇ ಇದ್ದೆವು. 2013ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನವರು ಬೇರೆ ದಾರಿ ಹಿಡಿದರು. ಹುಟ್ಟುಗುಣದಿಂದಲೇ ಯೂರಿಕ್ ಆಸಿಡ್ ಜಾಸ್ತಿ ಇರುವವರಿಗೆ ಹೃದಯದ ಕಾಯಿಲೆಯೂ ಜಾಸ್ತಿ ಬರುತ್ತದಾ ಎಂದು ನೋಡಿದರು. ಹಾಗೆ ಕಾಣಲಿಲ್ಲ. ಆದರೆ ಹುಟ್ಟುಗುಣದಿಂದ ಮೈತೂಕ ಜಾಸ್ತಿ ಇರುವವರಲ್ಲಿ ಯೂರಿಕ್ ಆಸಿಡ್ ಜಾಸ್ತಿ ಇತ್ತು. ತೂಕ ಮೊದಲು, ಯೂರಿಕ್ ಆಸಿಡ್ ಆಮೇಲೆ.

ನನ್ನ ಮಟ್ಟಿಗೆ ವಾದ ಮುಗಿಸಿದ್ದು 2022ರ ಬ್ರಿಟನ್ನಿನ ಪರೀಕ್ಷೆ. 60 ದಾಟಿದವರು, ಹೃದಯದ ರಕ್ತನಾಳದ ಕಾಯಿಲೆ ಇರುವವರು, ಗೌಟ್ (ಯೂರಿಕ್ ಆಸಿಡ್ ಹರಳು ಕೂತು ಬರುವ ಗಂಟು ನೋವು) ಇಲ್ಲದವರು, ಒಟ್ಟು 5,700ಕ್ಕೂ ಹೆಚ್ಚು ಜನ. ಅರ್ಧ ಜನರಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಕೊಟ್ಟರು. ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ. ಸುಮಾರು ಐದು ವರ್ಷ ಕಾದರು. ಹೃದಯಾಘಾತ, ಪಾರ್ಶ್ವವಾಯು, ಹೃದಯದಿಂದ ಸಾವು ಎಲ್ಲ ಸೇರಿ ಎರಡೂ ಕಡೆ ನೂರಕ್ಕೆ ಸುಮಾರು 11. ಮಾತ್ರೆ ತಿಂದವರಿಗೆ ಲಾಭ ಆಗಲಿಲ್ಲ.

ಅದಕ್ಕೆ ನಿಮ್ಮ ಮನೆಗೆ ಬಂದ ಫೆಬುಕ್ಸೊಸ್ಟಾಟ್ ಸ್ಟ್ರಿಪ್ಪನ್ನು ಕಪಾಟಿನಿಂದ ತೆಗೆದು ಬಿಡಿ. ಅದು ಕೆಟ್ಟ ಮಾತ್ರೆ ಎಂದು ನಾನು ಹೇಳುವುದಿಲ್ಲ. ಗೌಟ್ ಇರುವ ಎಷ್ಟೋ ಜನರಿಗೆ ನಾನೇ ಬರೆದುಕೊಟ್ಟಿದ್ದೇನೆ. ಆದರೆ 2018ರಲ್ಲಿ ಅಮೆರಿಕ ಖಂಡದ ಒಂದು ಪರೀಕ್ಷೆಯಲ್ಲಿ, ಗೌಟ್ ಮತ್ತು ಹೃದಯದ ಕಾಯಿಲೆ ಎರಡೂ ಇದ್ದ 6,000ಕ್ಕೂ ಹೆಚ್ಚು ಜನರಲ್ಲಿ, ಅಲೋಪ್ಯೂರಿನಾಲ್ ತಿಂದವರಿಗಿಂತ ಫೆಬುಕ್ಸೊಸ್ಟಾಟ್ ತಿಂದವರಲ್ಲಿ ಹೃದಯದಿಂದ ಸತ್ತವರು ಜಾಸ್ತಿ ಇದ್ದರು. ಮರುವರ್ಷ ಅಲ್ಲಿನ ಸರಕಾರ ಮಾತ್ರೆಯ ಮೇಲೆ ಎಚ್ಚರಿಕೆ ಬರೆಸಿತು. 2020ರಲ್ಲಿ ಯೂರೋಪಿನ ಇನ್ನೊಂದು ಪರೀಕ್ಷೆಯಲ್ಲಿ ಆ ಅಪಾಯ ಕಾಣಲಿಲ್ಲ. ಹೀಗೆ ಎರಡು ಮಾತು ಇರುವ ಮಾತ್ರೆಯನ್ನು, ಗೌಟ್ ಇಲ್ಲದ ಮನುಷ್ಯ, ಹಾರ್ಟ್ ಉಳಿಸಿಕೊಳ್ಳುತ್ತೇನೆ ಎಂದು, ಡಾಕ್ಟರನ್ನು ಕೇಳದೆ ತಿನ್ನುವುದು ಬೇಡವೇ ಬೇಡ.

ಬಿಪಿ ಮಾತ್ರೆಯ ವಿಷಯದಲ್ಲಿ ಅವರ ಸಂಶಯಕ್ಕೆ ಆಧಾರ ಇದೆ. ಸ್ಟ್ರಿಪ್ ತಿರುಗಿಸಿ ನೋಡಿ. ಹೆಸರಿನ ಕೊನೆಯಲ್ಲಿ ‘ಎಚ್’ ಅಕ್ಷರ ಇದ್ದರೆ ಅದರಲ್ಲಿ ಹೆಚ್ಚಾಗಿ ಹೈಡ್ರೋಕ್ಲೋರೋಥಯಾಜೈಡ್ ಸೇರಿರುತ್ತದೆ. ಮೂತ್ರ ಜಾಸ್ತಿ ಮಾಡಿಸುವ ಔಷಧಿ. ಕ್ಲೋರ್ಥಾಲಿಡೋನ್ ಕೂಡ ಅದೇ ಜಾತಿ. ಇವು ಯೂರಿಕ್ ಆಸಿಡ್ ಸ್ವಲ್ಪ ಏರಿಸುವುದು ನಿಜ. ಆದರೆ ಇವೇ ಪಾರ್ಶ್ವವಾಯು, ಹಾರ್ಟ್ ಫೇಲ್ಯೂರ್ ತಡೆಯುತ್ತವೆ ಎಂದು ಸಾಬೀತಾಗಿದೆ. ಬದಲಿಸಬೇಕು ಅನ್ನಿಸಿದರೆ ಡಾಕ್ಟರಿಗೆ ದಾರಿ ಇದೆ. ಲೋಸಾರ್ಟಾನ್ ಅನ್ನುವ ಬಿಪಿ ಮಾತ್ರೆ ಯೂರಿಕ್ ಆಸಿಡನ್ನು ಮೂತ್ರದಲ್ಲಿ ಸ್ವಲ್ಪ ಹೊರಗೂ ಹಾಕುತ್ತದೆ. ಅದನ್ನು ಕೇಳಿ ನೋಡಿ. ಬದಲಿಸುವುದು ಬೇರೆ, ನಿಲ್ಲಿಸುವುದು ಬೇರೆ.

ಡಾಕ್ಟರ ಹತ್ತಿರ ಹೋದಾಗ ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್, ಮೂರು ತಿಂಗಳ ಸಕ್ಕರೆ ಹೇಳುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್ ಮಾಡಿಸಿ. ಸೊಂಟದ ಸುತ್ತಳತೆ ತೆಗೆಸಿ. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತ ಹಾಗೆ ಆಗುತ್ತದಾ ಎಂದು ನೀವೇ ಹೇಳಬೇಕು, ಅವರಿಗೆ ಗೊತ್ತಿರುವುದಿಲ್ಲ. ಆ ತೊಂದರೆಯೂ ಬಿಪಿ ಮತ್ತು ಯೂರಿಕ್ ಆಸಿಡ್ ಎರಡನ್ನೂ ಏರಿಸುತ್ತದೆ. ಬೀಡಿ, ಸಿಗರೇಟು ಇದ್ದರೆ ಅದನ್ನೂ ಮುಚ್ಚಿಡಬೇಡಿ.

ಊಟದ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮೂರಲ್ಲಿ ಮೀನು ಬಿಡಿ ಅಂದರೆ ಊಟವನ್ನೇ ಬಿಡಿ ಅಂದ ಹಾಗೆ. ಬೂತಾಯಿ, ಬಂಗುಡೆ, ಕೊಲ್ಲತರುವಿನಲ್ಲಿ ಪ್ಯೂರಿನ್ ಜಾಸ್ತಿ, ಹೌದು. ಆದರೆ ಅದೇ ಬೂತಾಯಿ, ಬಂಗುಡೆಯಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೇಗಾ-3 ಕೊಬ್ಬೂ ಇದೆ. ಗೌಟ್ ಇಲ್ಲದ ನಿಮ್ಮ ಯಜಮಾನರು ವಾರಕ್ಕೆ ಎರಡು ಮೂರು ದಿನ ಪುಳಿಮುಂಚಿಯಲ್ಲಿ ಎರಡು ತುಂಡು ತಿನ್ನಲಿ. ಎಣ್ಣೆಯಲ್ಲಿ ಮುಳುಗಿಸಿ ಹುರಿದ ರಾಶಿ ಬೇಡ. ಜೂನ್ ಒಂದರಿಂದ ಜುಲೈ ಕೊನೆವರೆಗೆ ಬೋಟು ಕಡಲಿಗೆ ಇಳಿಯುವುದಿಲ್ಲ, ಮನೆಯಲ್ಲಿ ಒಣಮೀನಿನದೇ ಕಾರುಬಾರು. ನನಗೆ ಹೆದರಿಕೆ ಆ ಉಪ್ಪಿನದು. ಆ ಎರಡು ತಿಂಗಳು ನನ್ನ ಎಷ್ಟೋ ರೋಗಿಗಳ ಬಿಪಿ ಹತೋಟಿ ತಪ್ಪುತ್ತದೆ.

ಬೇಳೆ, ಬಸಳೆ, ಟೊಮೆಟೊ ಬಿಟ್ಟದ್ದು ತಪ್ಪು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 47,000 ಗಂಡಸರನ್ನು 12 ವರ್ಷ ಗಮನಿಸಿದರು. ಮಾಂಸ, ಮೀನು ಜಾಸ್ತಿ ತಿಂದವರಿಗೆ ಗೌಟ್ ಜಾಸ್ತಿ ಬಂತು. ಪ್ಯೂರಿನ್ ಇರುವ ತರಕಾರಿ ತಿಂದವರಿಗೆ ಹಾಗೆ ಆಗಲಿಲ್ಲ. ಹಾಲು, ಮೊಸರಿನಂಥ ಪದಾರ್ಥ ತಿಂದವರಿಗೆ ಕಡಿಮೆಯೇ ಆಯಿತು. ಹಾಗಾಗಿ ಬಸಳೆ ಹುಳಿ, ತೊವ್ವೆ, ಮಜ್ಜಿಗೆ ಎಲ್ಲ ಬಾಳೆಲೆಗೆ ವಾಪಸ್ ಬರಲಿ. ಬಿಡಬೇಕಾದ್ದು ಬಿಯರು, ಕುರಿಯ ಲಿವರು, ಬಾಟಲಿಯ ತಂಪು ಪಾನೀಯ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಲಿವರ್ ಅದನ್ನು ಅರಗಿಸುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ. ಪುನರ್ಪುಳಿ ಶರಬತ್ತಿಗೂ ಸಕ್ಕರೆ ಸುರಿದರೆ ಅದೇ ಲೆಕ್ಕ. ಉಪ್ಪು, ಸಕ್ಕರೆ ಎರಡೂ ಕಮ್ಮಿ ಹಾಕಿ ತೆಳುವಾಗಿ ಕುಡಿಯಲಿ.

ಇನ್ನೊಂದು ಮಾತು. ಎಷ್ಟೇ ಪಥ್ಯ ಮಾಡಿದರೂ ಊಟದಿಂದ ಇಳಿಯುವುದು ಹೆಚ್ಚೆಂದರೆ ಒಂದು ಅಂಕಿಯ ಆಸುಪಾಸು. ಉಪವಾಸ ಬಿದ್ದು ಒಮ್ಮೆಲೇ ತೂಕ ಇಳಿಸಲು ಹೋದರೆ ಅಂಕಿ ಏರುತ್ತದೆ. ತಿಂಗಳಿಗೆ ಒಂದೂವರೆ, ಎರಡು ಕಿಲೋ ಇಳಿಸಿದರೆ ಸಾಕು. ಸಂಜೆ ಮಲ್ಪೆ ಬೀಚಿನ ಗಟ್ಟಿ ಮರಳಿನಲ್ಲಿ ಇಬ್ಬರೂ ಒಟ್ಟಿಗೆ ನಡೆಯಿರಿ.

ಪ್ರಶ್ನೆ: ನನಗೆ 61. ನಾವು ಮೀನು, ಮಾಂಸ ಮುಟ್ಟುವವರಲ್ಲ. ಆದರೂ ಯೂರಿಕ್ ಆಸಿಡ್ 6.6. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಚಿಕ್ಕ ಆಸ್ಪಿರಿನ್ ಮಾತ್ರೆಯಿಂದ ಹೀಗಾಗುತ್ತದೆ ಎಂದು ಮಗ ಹೇಳುತ್ತಾನೆ. ಬಿಡಬಹುದಾ?
– ಓದುಗರು, ಉಡುಪಿ ರಥಬೀದಿ

ಉತ್ತರ: ಬಿಡಬೇಡಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಆ ಮಾತ್ರೆ ಕಾಯುತ್ತಿದೆ. ಅದರಲ್ಲಿ ಬದಲಾವಣೆ ಮಾಡುವುದಿದ್ದರೆ ನಿಮ್ಮ ಹೃದಯದ ಡಾಕ್ಟರೇ ಹೇಳಬೇಕು. ಆಸ್ಪಿರಿನ್‌ನಿಂದ ಯೂರಿಕ್ ಆಸಿಡ್ ಒಂದಿಷ್ಟು ಏರುವುದು ನಿಜ, ಮಗ ಸುಳ್ಳು ಹೇಳಿಲ್ಲ. ಆದರೆ 6.6ರಿಂದ ನಿಮಗೆ ಬರುವ ಅಪಾಯಕ್ಕಿಂತ ಆಸ್ಪಿರಿನ್ ಬಿಟ್ಟರೆ ಬರುವ ಅಪಾಯ ತುಂಬ ದೊಡ್ಡದು.

ಮೀನು ತಿನ್ನದೆ ಹೇಗೆ ಏರಿತು ಎಂದು ಕೇಳಿದ್ದೀರಿ. ಮುಟ್ಟು ನಿಲ್ಲುವ ತನಕ ಹೆಂಗಸರ ಮೈಯಲ್ಲಿರುವ ಈಸ್ಟ್ರೋಜೆನ್, ಕಿಡ್ನಿಯಿಂದ ಯೂರಿಕ್ ಆಸಿಡ್ ಹೊರಹೋಗಲು ಸಹಾಯ ಮಾಡುತ್ತದೆ. ಮುಟ್ಟು ನಿಂತ ಮೇಲೆ ಆ ಸಹಾಯ ಇಲ್ಲ. ಅಂಕಿ ನಿಧಾನಕ್ಕೆ ಗಂಡಸರ ಮಟ್ಟದ ಹತ್ತಿರ ಬರುತ್ತದೆ. ಇದು ನಿಮ್ಮ ತಪ್ಪಲ್ಲ. ಹೋಳಿಗೆ, ಪಾಯಸ ಹಬ್ಬಕ್ಕೆ ಮಾತ್ರ ಇರಲಿ. ಕ್ರಿಯಾಟಿನಿನ್ ಒಮ್ಮೆ ನೋಡಿಸಿ. ಕೊಲೆಸ್ಟ್ರಾಲ್ ಮಾತ್ರೆಯನ್ನೂ ಮರೆಯದೆ ತೆಗೆದುಕೊಳ್ಳಿ.

ಪ್ರಶ್ನೆ: ವಯಸ್ಸು 38. ಹೋಟೆಲ್ ಕೆಲಸ. ಗೆಳೆಯನ ಮೆಹೆಂದಿ ಊಟ ಮುಗಿಸಿ ಬಂದ ರಾತ್ರಿ ಎರಡು ಗಂಟೆಗೆ ಹೆಬ್ಬೆರಳು ಬೆಂಕಿ ಹತ್ತಿದ ಹಾಗೆ ಉರಿಯಿತು. ವರ್ಷದಲ್ಲಿ ಇದು ಮೂರನೇ ಸಲ. ಯೂರಿಕ್ ಆಸಿಡ್ 9.4. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ತಿಂದರೆ ಮೂರು ದಿನದಲ್ಲಿ ಇಳಿಯುತ್ತದೆ. ಇಷ್ಟು ಸಾಕಲ್ವಾ?
– ಓದುಗರು, ಮಂಗಳೂರು

ಉತ್ತರ: ಸಾಕಾಗುವುದಿಲ್ಲ. ನಿಮ್ಮ ಕತೆ ಮೇಲಿನ ಇಬ್ಬರ ಹಾಗಲ್ಲ. ನಿಮಗಿರುವುದು ಹೆಚ್ಚಾಗಿ ಗೌಟ್. ಯೂರಿಕ್ ಆಸಿಡ್ ಸೂಜಿಯಂಥ ಹರಳಾಗಿ ಗಂಟಿನಲ್ಲಿ ಕೂತಿದೆ. ಹೆಬ್ಬೆರಳು ಹೃದಯದಿಂದ ದೂರ, ಮೈಯ ತಂಪಾದ ಜಾಗ. ಹರಳು ಅಲ್ಲೇ ಬೇಗ ಕೂರುತ್ತದೆ. ನಿಮಗೆ ಮಾತ್ರೆ ಬೇಕು. ವರ್ಷಕ್ಕೆ ಎರಡು ಅಥವಾ ಅದಕ್ಕಿಂತ ಜಾಸ್ತಿ ಸಲ ಬಂದವರಿಗೆ ಯೂರಿಕ್ ಆಸಿಡ್ ಇಳಿಸುವ ಔಷಧಿ ಶುರು ಮಾಡಬೇಕು. ಅಂಕಿಯನ್ನು 6ಕ್ಕಿಂತ ಕೆಳಗೆ ಇಡಬೇಕು. ಆಗ ಹಳೆಯ ಹರಳೂ ನಿಧಾನಕ್ಕೆ ಕರಗುತ್ತದೆ.

ಸಾಮಾನ್ಯವಾಗಿ ಅಲೋಪ್ಯೂರಿನಾಲ್ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ಶುರುವಿನ ಕೆಲವು ತಿಂಗಳು ನೋವು ಮತ್ತೆ ಬರಬಹುದು. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಎಸೆಯಬೇಡಿ. ಹರಳು ಕದಲುವಾಗ ಹಾಗಾಗುತ್ತದೆ. ಅದಕ್ಕೆ ಕಾವಲಾಗಿ ಕಾಲ್ಚಿಸಿನ್ ಕಡಿಮೆ ಡೋಸಿನಲ್ಲಿ ಕೊಡುತ್ತಾರೆ. ಒಂದು ಎಚ್ಚರಿಕೆ ಮಾತ್ರ ನೆನಪಿಡಿ. ಅಲೋಪ್ಯೂರಿನಾಲ್ ಶುರು ಮಾಡಿದ ಮೇಲೆ ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಜ್ವರ ಬಂದರೆ ತಕ್ಷಣ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಅಪರೂಪ, ಆದರೆ ಜೀವಕ್ಕೆ ಅಪಾಯ.

ನಿಮ್ಮ ಹೃದಯದ ಬಗ್ಗೆ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಗೌಟ್ ಕೆರಳಿದ ನಂತರದ ನಾಲ್ಕು ತಿಂಗಳಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಜಾಸ್ತಿ ಕಂಡಿತು. ಮೈಯಲ್ಲಿ ಎದ್ದ ಉರಿಯೂತ ಬೆರಳಿಗಷ್ಟೇ ನಿಲ್ಲುವುದಿಲ್ಲ. ಹಾಗಾಗಿ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಈ ತಿಂಗಳೇ ನೋಡಿಸಿ. 38 ಚಿಕ್ಕ ವಯಸ್ಸು ಅಂತ ಬಿಡಬೇಡಿ.

ಇನ್ನು ಆ ನೋವಿನ ಮಾತ್ರೆ. ನನ್ನ ಅಪ್ಪ ಮಂಗಳೂರು ಬಂದರಿನ ಒಂದು ಮಂಡಿಯಲ್ಲಿ ಗುಮಾಸ್ತರಾಗಿದ್ದರು. ನಾನು ಹೈಸ್ಕೂಲಿನಲ್ಲಿರುವಾಗ ಅವರಿಗೂ ಹೀಗೇ ರಾತ್ರಿ ಹೆಬ್ಬೆರಳು ಕೆಂಪಾಗಿ ಬಾತುಕೊಳ್ಳುತ್ತಿತ್ತು. ಬೈರಾಸಿನ ಅಂಚು ತಾಗಿದರೂ ಕಿರುಚುತ್ತಿದ್ದರು. ಅಮ್ಮ ಚಾಪೆಯ ಕಾಲು ಬದಿಗೆ ಎರಡು ಮರದ ಮಣೆ ನಿಲ್ಲಿಸಿ, ಹೊದಿಕೆ ಬೆರಳಿಗೆ ತಾಗದ ಹಾಗೆ ಮಾಡುತ್ತಿದ್ದರು. ಬೆಳಿಗ್ಗೆ ಅಪ್ಪ ನನ್ನ ಕೈಗೆ ಖಾಲಿ ಸ್ಟ್ರಿಪ್ ಕೊಟ್ಟು, ಇದನ್ನೇ ತೋರಿಸಿ ಹತ್ತು ತಾ ಅನ್ನುತ್ತಿದ್ದರು. ನಾನು ಓಡಿ ಹೋಗಿ ತರುತ್ತಿದ್ದೆ. ಅಂಗಡಿಯವರು ಒಮ್ಮೆಯೂ ಚೀಟಿ ಕೇಳಲಿಲ್ಲ. ಹೀಗೆ ಹನ್ನೊಂದು ವರ್ಷ ನಡೆಯಿತು. ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದೆ, ಬಿಪಿ ಏರಿಸುತ್ತದೆ, ಹೃದಯಾಘಾತದ ಅಪಾಯವನ್ನೂ ಏರಿಸುತ್ತದೆ. ನಾನು ಎಂಬಿಬಿಎಸ್ ಕೊನೆಯ ವರ್ಷದಲ್ಲಿರುವಾಗ ಅಪ್ಪನ ಕ್ರಿಯಾಟಿನಿನ್ 6 ದಾಟಿತ್ತು, ಅಂದರೆ ಕಿಡ್ನಿ ಸೋತಿತ್ತು. ಅವರು ಹೃದಯ ಸೋತು ಹೋದಾಗ ಅವರಿಗೆ 57. ಯೂರಿಕ್ ಆಸಿಡ್ ಇಳಿಸುವ ಮಾತ್ರೆ ಆಗಲೂ ಇತ್ತು. ಅಲೋಪ್ಯೂರಿನಾಲ್ ಬಂದದ್ದು 1966ರಲ್ಲಿ. ಅಪ್ಪನಿಗೆ ಅದನ್ನು ಯಾರೂ ಬರೆದುಕೊಡಲಿಲ್ಲ, ಯಾಕೆಂದರೆ ಅಪ್ಪ ಯಾರ ಹತ್ತಿರವೂ ಹೋಗಿರಲಿಲ್ಲ.

ನೀವು ಹೋಗಿ. ಮುಂದಿನ ವಾರವೇ ಒಬ್ಬ ಫಿಜಿಷಿಯನ್‌ರನ್ನೋ ಗಂಟಿನ ತಜ್ಞರನ್ನೋ ನೋಡಿ. ವೆನ್‌ಲಾಕ್ ಆಸ್ಪತ್ರೆಗೆ ಹೋದರೂ ಸರಿ. ಈ ವರ್ಷ ತಿಂದ ನೋವಿನ ಮಾತ್ರೆಗಳ ಖಾಲಿ ಸ್ಟ್ರಿಪ್ ಮನೆಯಲ್ಲಿ ಉಳಿದಿದ್ದರೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ತೆಗೆದುಕೊಂಡು ಹೋಗಿ, ಡಾಕ್ಟರ ಮೇಜಿನ ಮೇಲೆ ಇಡಿ.